ಕುಗ್ಗದ ಎಣ್ಣೆ, ಎದ್ದು ಕೂರುವ ಟ್ರಕ್ಕು

ರಾತ್ರಿ ಎತ್ತರದಲ್ಲಿ ನಿಲ್ಲಿಸಿಹೋದ ಟ್ರಕ್ಕು ಬೆಳಗಾಗುವಷ್ಟರಲ್ಲಿ ಮುಂದಿನ ಎಡಮೂಲೆಯಲ್ಲಿ ಕುಸಿದು ಕೂತಿದೆ. ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ಹೈಡ್ರಾಲಿಕ್ ಸಸ್ಪೆನ್ಷನ್ ಕೂರಿಸಿಕೊಂಡವರನ್ನು ಇಷ್ಟು ಗಲಿಬಿಲಿಗೊಳಿಸುವ ದೋಷ ಇನ್ನೊಂದಿಲ್ಲ. ಎಣ್ಣೆ ಹೊರಗೆ ಬಿದ್ದಿಲ್ಲ ಅಂದಮೇಲೆ ಹೋಯಿತೆಲ್ಲಿಗೆ? ಅವಸರದವರು ಹೊಸ ಸಿಲಿಂಡರ್ ತಂದು ಕೂರಿಸುತ್ತಾರೆ. ಮರುದಿನ ಅದೇ ಮೂಲೆ ಮತ್ತೆ ಕೂತಿರುತ್ತದೆ. ಆಮೇಲೆ ವಾಲ್ವ್ ಬದಲು, ಆಮೇಲೆ ಪಂಪ್ ಬದಲು. ಕೊನೆಗೆ ದೋಷ ಯಾವುದೆಂದು ತಿಳಿಯದೆಯೇ ಇಡೀ ವ್ಯವಸ್ಥೆ ಹೊಸದಾಗಿರುತ್ತದೆ, ಜೇಬು ಖಾಲಿಯಾಗಿರುತ್ತದೆ. ಈ ಯಂತ್ರ ನಿಜಕ್ಕೂ ಅಷ್ಟು ನಿಗೂಢವಲ್ಲ. ಅದರೊಳಗಿನ ಎಣ್ಣೆಯ ಸ್ವಭಾವ ಒಂದನ್ನು ಮನಸ್ಸಿಗೆ ತಂದುಕೊಂಡರೆ ಮುಕ್ಕಾಲು ಪಾಲು ದೋಷಗಳು ತಾವಾಗಿಯೇ ಎಲ್ಲಿವೆ ಎಂದು ಹೇಳುತ್ತವೆ.

ಎಣ್ಣೆಯ ಒತ್ತಡದಿಂದ ಗಾಡಿಯನ್ನು ಎತ್ತಿ ಇಳಿಸುವ ಈ ವಿದ್ಯೆಯ ತವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸಿನ ಪೂರ್ವ ಭಾಗದ ಮೆಕ್ಸಿಕನ್ ಮೂಲದ ಯುವಕರು ಹಳೆಯ ಕಾರುಗಳನ್ನು ಕೊಂಡು, ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ, ಸ್ಪ್ರಿಂಗಿನ ಸುರುಳಿ ಕತ್ತರಿಸಿ ಗಾಡಿಯನ್ನು ನೆಲಕ್ಕೆ ತಗ್ಗಿಸತೊಡಗಿದರು. ವಿಟಿಯರ್ ಬುಲೆವಾರ್ಡಿನಲ್ಲಿ ಸಂಜೆ ಹೊತ್ತು ಸಾಲುಗಟ್ಟಿ ನಿಧಾನವಾಗಿ ಹೋಗುವುದೇ ಅವರ ಹಬ್ಬ. ಅವರಿಗೆ ವೇಗ ಬೇಕಿರಲಿಲ್ಲ, ನೋಡುವವರ ಕಣ್ಣೆದುರು ಸಾವಕಾಶ ಹಾದುಹೋಗುವುದು ಬೇಕಿತ್ತು. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1958ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 24008ನೇ ಕಲಮು, ಮಾರ್ಪಡಿಸಿದ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರಕೂಡದು ಎಂದಿತು. ಸ್ಯಾನ್ ಬರ್ನಾರ್ಡಿನೋ ಕಡೆಯ ರಾನ್ ಅಗಿರ್ರೆ ಎಂಬ ಯುವಕ ಇದಕ್ಕೆ ಉತ್ತರ ಹುಡುಕಿದ. ಸೇನೆ ಮಾರಿದ ಹಳೆಯ ವಿಮಾನದ ಬಿಡಿಭಾಗಗಳಲ್ಲಿ ಪಂಪು, ವಾಲ್ವುಗಳನ್ನು ಆರಿಸಿ ತಂದು, 1959ರ ಹೊತ್ತಿಗೆ ತನ್ನ 1957ರ ಕಾರ್ವೆಟ್ ಕಾರಿಗೆ ಅಳವಡಿಸಿದ. ಆ ಕಾರಿಗೆ ಎಕ್ಸ್-ಸಾನಿಕ್ ಎಂದು ಹೆಸರು. ಪೊಲೀಸರು ಕಂಡರೆ ಗುಂಡಿ ಒತ್ತಿದರಾಯಿತು, ಕಾರು ಕಾನೂನಿನ ಎತ್ತರಕ್ಕೆ ಏಳುತ್ತಿತ್ತು. ಮುಂದೆ ವಿಮಾನದ ಪಂಪುಗಳು ಸಿಗುವುದು ಕಡಿಮೆಯಾದಾಗ, ಲಾರಿಗಳ ಹಿಂಬದಿಯಲ್ಲಿ ಸಾಮಾನು ಎತ್ತುವ ಲಿಫ್ಟ್‌ಗೇಟ್ ಹಲಗೆಯ ಪಂಪುಗಳು ಈ ಕೆಲಸಕ್ಕೆ ಬಂದವು. 1980ರ ದಶಕದಲ್ಲಿ ಜಪಾನಿನ ಸಣ್ಣ ಪಿಕಪ್‌ಗಳೂ 1982ರ ಮಾದರಿಯಾಗಿ ಬಂದ ಷೆವರ್ಲೆ ಎಸ್-10 ಕೂಡ ಅಗ್ಗಕ್ಕೆ ಸಿಗತೊಡಗಿದಾಗ, ಕಾರಿನ ಈ ವಿದ್ಯೆ ಟ್ರಕ್ಕಿಗೂ ಹರಡಿತು.

ಆ 24008ನೇ ಕಲಮನ್ನು ಕ್ಯಾಲಿಫೋರ್ನಿಯಾ ಕೊನೆಗೂ ರದ್ದುಮಾಡಿದೆ. 2023ರ ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಮಸೂದೆ 2024ರ ಜನವರಿ 1ರಿಂದ ಜಾರಿಯಾಯಿತು. ಒಂದು ಸಮುದಾಯದ ಕಲೆಯನ್ನು ಅರವತ್ತಕ್ಕೂ ಹೆಚ್ಚು ವರ್ಷ ಅಪರಾಧದಂತೆ ಕಂಡದ್ದು ತಪ್ಪಾಗಿತ್ತು, ತಿದ್ದಿದ್ದು ಒಳ್ಳೆಯದಾಯಿತು. ಆದರೆ ಆ ಕಲಮಿನ ಅಳತೆಯನ್ನು ಮಾತ್ರ ಟ್ರಕ್ಕು ಕಟ್ಟುವವರು ಇಂದಿಗೂ ಬಿಡಬಾರದು. ಓಡುವಾಗ ಟೈರ್ ಪಂಕ್ಚರಾಗಿ ಗಾಡಿ ರಿಮ್ಮಿನ ಮೇಲೆ ಕೂತರೆ, ರಿಮ್ಮಿನ ಅಂಚಿಗಿಂತ ಕೆಳಗಿರುವ ಆಕ್ಸಲ್ ತೋಳು, ಸ್ಟಿಯರಿಂಗ್ ಕೊಂಡಿ ಅಥವಾ ಬ್ರೇಕ್ ಪೈಪು ಡಾಂಬರಿಗೆ ಉಜ್ಜಿ ಕಿತ್ತುಹೋಗುತ್ತದೆ. ಓಡಿಸುವ ಎತ್ತರದಲ್ಲಿ ಎಲ್ಲವೂ ಆ ಅಂಚಿನ ಮೇಲಿರಲೇಬೇಕು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಬೆಂಗಳೂರಿನ ರಸ್ತೆಯಲ್ಲಿ ಇದನ್ನು ಮಾಡಿ ನೋಡೋಣ ಅನ್ನುವ ಓದುಗರು ಅಲ್ಲಿಗೇ ನಿಲ್ಲಬೇಕು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಅರಿಯುವುದಕ್ಕೆ ಯಾವ ಕಾನೂನಿನ ತಡೆಯೂ ಇಲ್ಲ.

ಈಗ ಎಣ್ಣೆಯ ವಿಷಯ. ಹೈಡ್ರಾಲಿಕ್ ಎಣ್ಣೆ ಒತ್ತಡಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಚದರ ಸೆಂಟಿಮೀಟರಿಗೆ 70 ಕಿಲೋ ಒತ್ತಡ ಹಾಕಿದರೂ ಅದರ ಗಾತ್ರ ಕಡಿಮೆಯಾಗುವುದು ನೂರಕ್ಕೆ ಅರ್ಧ ಭಾಗದಷ್ಟು. ಭಾರ ಎತ್ತಲು ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ. ರಸ್ತೆಯ ಗುಂಡಿಯನ್ನು ತಡೆದುಕೊಳ್ಳಲು ಇದಕ್ಕಿಂತ ಕೆಟ್ಟ ಗುಣವೂ ಇಲ್ಲ. ಸ್ಪ್ರಿಂಗ್ ಅಂದರೆ ಕುಗ್ಗಿ ಮತ್ತೆ ಹಿಗ್ಗುವ ವಸ್ತು, ಎಣ್ಣೆ ಆ ಜಾತಿಯದಲ್ಲ. ಲಿಫ್ಟ್‌ಗೇಟಿನ ಪಂಪು ನಿಂತ ಲಾರಿಯಲ್ಲಿ ಎತ್ತಲೆಂದು ಹುಟ್ಟಿದ್ದು. ಓಡುವ ಗಾಡಿಯ ಕೆಳಗೆ ಅದನ್ನು ಇಟ್ಟಾಗ, ಎತ್ತುವ ಕೆಲಸ ಒಬ್ಬರಿಗೆ, ತಾಳಿಕೊಳ್ಳುವ ಕೆಲಸ ಇನ್ನೊಬ್ಬರಿಗೆ ಎಂದು ಹಂಚಬೇಕಾಗುತ್ತದೆ. ಹೈಡ್ರಾಲಿಕ್ ಟ್ರಕ್ಕಿನ ಸವಾರಿ ಕೆಟ್ಟಿರುವ ಕಡೆಯಲ್ಲೆಲ್ಲ ಈ ಹಂಚಿಕೆ ಕೆಟ್ಟಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಸ್-10 ಟ್ರಕ್ಕನ್ನೇ ತೆಗೆದುಕೊಳ್ಳೋಣ. ಎರಡು ಚಕ್ರಕ್ಕೆ ಎಂಜಿನ್ ಬಲ ಹೋಗುವ ಮಾದರಿಯಲ್ಲಿ ಮುಂದೆ ಮೇಲೊಂದು ಕೆಳಗೊಂದು ತೋಳು, ನಡುವೆ ಸುರುಳಿ ಸ್ಪ್ರಿಂಗ್. ಹಿಂದೆ ಗಟ್ಟಿ ಆಕ್ಸಲ್, ಅದರ ಮೇಲೆ ಪಟ್ಟಿ ಸ್ಪ್ರಿಂಗ್. ಹೈಡ್ರಾಲಿಕ್ ಕೂರಿಸುವಾಗ ಮುಂದಿನ ಸುರುಳಿಯ ನೆತ್ತಿಯ ಮೇಲೆ ಸಿಲಿಂಡರ್ ಬರುತ್ತದೆ. ಹಿಂದಿನ ಪಟ್ಟಿ ತೆಗೆದು ಉದ್ದ ತೋಳುಗಳನ್ನು ಬೆಸೆದು, ಅಲ್ಲಿಯೂ ಸುರುಳಿ ಮತ್ತು ಸಿಲಿಂಡರ್ ಇಡುತ್ತಾರೆ. ಪಂಪು ಎಣ್ಣೆ ನೂಕಿದಾಗ ಸಿಲಿಂಡರ್ ಚಾಚಿ, ಸ್ಪ್ರಿಂಗ್ ಸಮೇತ ಗಾಡಿ ಏಳುತ್ತದೆ. ಡಂಪ್ ವಾಲ್ವ್ ತೆರೆದರೆ ಗಾಡಿಯ ಭಾರವೇ ಎಣ್ಣೆಯನ್ನು ಟ್ಯಾಂಕಿಗೆ ಹಿಂದೆ ತಳ್ಳುತ್ತದೆ. ಪಂಪಿನಿಂದ ಎಣ್ಣೆ ಹೊರಬರುವ ಬಾಯಲ್ಲಿ ಒಂದು ಚೆಕ್ ವಾಲ್ವ್ ಇದೆ. ಬಾವಿಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಹೇಗೋ ಇದಕ್ಕೆ ಅದು ಹಾಗೆ, ಹೋದದ್ದನ್ನು ಹಿಂದಿರುಗಲು ಬಿಡುವುದಿಲ್ಲ. ಎಲ್ಲವನ್ನೂ ನಡೆಸುವ ಮೋಟಾರಿಗೆ ಕರೆಂಟು ಹಿಂದಿನ ಡಬ್ಬದಲ್ಲಿ ಸಾಲಾಗಿ ಜೋಡಿಸಿದ ಬ್ಯಾಟರಿಗಳಿಂದ ಬರುತ್ತದೆ.

ಹೀಗೆ ನೋಡಿದರೆ ಇದು ಒಂದರ ಹಿಂದೊಂದು ನಿಂತ ಮೂರು ಲೋಕ. ಮೊದಲು ಕರೆಂಟು, ಅದರಾಚೆ ಎಣ್ಣೆ, ಅದರಾಚೆ ಉಕ್ಕು. ದೋಷ ಯಾವ ಲೋಕದ್ದು ಎಂದು ಮೊದಲು ಗೊತ್ತುಮಾಡಿಕೊಳ್ಳದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು. ಗುಂಡಿ ಒತ್ತಿದಾಗ ಮೋಟಾರಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಟಕ್ ಎಂದು ಸದ್ದು ಮಾಡಿ ಮೋಟಾರು ತಿರುಗದಿದ್ದರೆ ಅದು ಕರೆಂಟಿನ ಕಡೆಯದು. ಮೋಟಾರು ಜೋರಾಗಿ ತಿರುಗಿ ಗಾಡಿ ಏಳದಿದ್ದರೆ ಎಣ್ಣೆಯ ಕಡೆಯದು. ಗಾಡಿ ಎದ್ದು ಸೊಟ್ಟಗೆ ನಿಂತರೆ ಮಾತ್ರ ಎಣ್ಣೆ, ಉಕ್ಕು ಎರಡೂ ಲೋಕವನ್ನು ನೋಡಬೇಕು.

ನಿಧಾನವಾಗಿ ಏಳುವ ಟ್ರಕ್ಕಿಗೆ ಜನ ಮೊದಲು ಬೈಯುವುದು ಪಂಪನ್ನು. ನಿಜವಾದ ಕಳ್ಳ ಬಹುಮಟ್ಟಿಗೆ ಕೇಬಲ್ಲಿನ ತುದಿಯಲ್ಲಿರುತ್ತಾನೆ. ಈ ಮೋಟಾರುಗಳು ನೂರಾರು ಆಂಪಿಯರ್ ಎಳೆಯುತ್ತವೆ. 300 ಆಂಪಿಯರ್ ಹರಿಯುವಾಗ ಒಂದು ತುಕ್ಕು ಹಿಡಿದ ಜಾಯಿಂಟಿನಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಅಲ್ಲಿಯೇ 3 ವೋಲ್ಟ್ ನಷ್ಟ, 900 ವ್ಯಾಟ್ ಶಾಖ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆ ಹಿಡಿಯಲಾರದು. ತಂತಿ ಸರಿಯಿದೆ ಎಂದೇ ಅದು ಹೇಳುತ್ತದೆ. ಹಿಡಿಯುವ ದಾರಿ ಬೇರೆ. ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಕಂಬಕ್ಕೂ ಇನ್ನೊಂದನ್ನು ಅದರ ಮೇಲೆ ಕೂತ ಕೇಬಲ್ ಲಗ್ಗಿಗೂ ಮುಟ್ಟಿಸಿ, ಇನ್ನೊಬ್ಬರಿಗೆ ಗುಂಡಿ ಒತ್ತಲು ಹೇಳಬೇಕು. ಎರಡೂ ಒಂದೇ ಜಾಗದಲ್ಲಿದ್ದಂತೆ ಕಂಡರೂ ಮೋಟಾರು ತಿರುಗುವಾಗ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ಜಾಯಿಂಟ್ ಬಿಚ್ಚಿ ಉಜ್ಜಬೇಕು. ಹೀಗೇ ಬ್ಯಾಟರಿಯಿಂದ ಬ್ಯಾಟರಿಗೆ, ಸೊಲೆನಾಯ್ಡಿನ ಎರಡು ತುದಿಗೆ, ಕೊನೆಗೆ ಚಾಸಿಗೆ ಕೂಡುವ ಅರ್ಥ್ ತಂತಿಗೆ. ಬಣ್ಣ ಬಳಿದ ಚಾಸಿಯ ಮೇಲೆ ಅರ್ಥ್ ಬೋಲ್ಟ್ ಬಿಗಿದಿರುವುದು ಎಲ್ಲಕ್ಕಿಂತ ಸಾಮಾನ್ಯ.

ಸಾಲಿನಲ್ಲಿ ಒಂದು ಬ್ಯಾಟರಿ ಸೊರಗಿದ್ದರೆ ಉಳಿದವೂ ಸೊರಗಿದಂತೆ ಕಾಣುತ್ತವೆ. ಒಟ್ಟು ವೋಲ್ಟ್ ನೋಡಿ ಏನೂ ಗೊತ್ತಾಗದು. ವಿಶ್ರಾಂತಿಯಲ್ಲಿ ಒಂದೊಂದೂ ಸುಮಾರು 12.6 ವೋಲ್ಟ್ ತೋರಿಸಬೇಕು. ಭಾರ ಬಿದ್ದಾಗ ಉಳಿದವು ಹತ್ತು ಹನ್ನೊಂದರಲ್ಲಿ ನಿಂತು ಒಂದು ಮಾತ್ರ ಒಂಬತ್ತಕ್ಕೆ ಇಳಿದರೆ ಅದೇ ರೋಗಿ. ಬದಲಿಸುವಾಗ ಒಂದನ್ನಷ್ಟೇ ಹೊಸದು ಹಾಕಿದರೆ ಹಳೆಯವು ಅದನ್ನೂ ಬೇಗ ಕೆಡಿಸುತ್ತವೆ. ದುಬಾರಿಯಾದರೂ ಸಾಲನ್ನು ಒಟ್ಟಿಗೆ ಬದಲಿಸುವುದೇ ಮೇಲು. ಚಾರ್ಜಾಗುವಾಗ ಈ ಬ್ಯಾಟರಿಗಳು ಹೈಡ್ರೋಜನ್ ಬಿಡುತ್ತವೆ. ಮುಚ್ಚಿದ ಡಬ್ಬದಲ್ಲಿ ಒಂದು ಕಿಡಿ ಸಾಕು, ಸಿಡಿಯುತ್ತದೆ. ಟ್ರಕ್ಕಿನ ಹಿಂಬದಿ ತೆರೆದಿರುವುದು ಕಾರಿಗಿಲ್ಲದ ಅನುಕೂಲ. ಅದರ ಮೇಲೆ ಚಂದಕ್ಕೆಂದು ಮುಚ್ಚಳ ಬಿಗಿದು ಆ ಅನುಕೂಲವನ್ನು ಕಳೆದುಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಸೊಲೆನಾಯ್ಡಿನ ಒಳಗಿನ ತಾಮ್ರದ ಬಿಲ್ಲೆ ಕಾದು ಅಂಟಿಕೊಂಡರೆ ಗುಂಡಿ ಬಿಟ್ಟರೂ ಮೋಟಾರು ನಿಲ್ಲದು. ಅದಕ್ಕೆಂದೇ ಅರ್ಥ್ ತಂತಿಯಲ್ಲಿ ಕೈಗೆಟುಕುವಂತೆ ಒಂದು ಡಿಸ್‌ಕನೆಕ್ಟ್ ಇರಬೇಕು. ಅದಿಲ್ಲದ ಹೈಡ್ರಾಲಿಕ್ ಗಾಡಿಯನ್ನು ಪೂರ್ಣವಾಗಿ ಕಟ್ಟಿದ ಗಾಡಿ ಎಂದು ಕರೆಯಲಾರೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಬರಬಹುದು. ಹೊರಗೆ ಸೋರದೆ ಗಾಡಿ ಕುಸಿದರೆ ಎಣ್ಣೆ ಟ್ಯಾಂಕಿಗೇ ಹಿಂದಿರುಗಿದೆ ಎಂದರ್ಥ. ಹಿಂದಿರುಗಲು ಇರುವುದು ಎರಡೇ ಬಾಗಿಲು, ಚೆಕ್ ವಾಲ್ವ್ ಮತ್ತು ಡಂಪ್ ವಾಲ್ವ್. ಸಿಲಿಂಡರಿನ ಸೀಲ್ ಹೋಗಿದ್ದರೆ ರಾಡಿನ ಸುತ್ತ ಎಣ್ಣೆ ಒಸರಿ ತೋರಿಸಿಕೊಡುತ್ತದೆ. ಹಾಗಾಗಿ ಒಣಗಿದ ಸಿಲಿಂಡರನ್ನು ಮುಟ್ಟುವ ಅಗತ್ಯ ಬಹುಮಟ್ಟಿಗೆ ಬೀಳದು. ಗಾಡಿ ಪೂರ್ತಿ ಕೆಳಗಿಳಿದು ಒತ್ತಡ ಇಲ್ಲವಾದ ಮೇಲೆ ಎಡ ಬಲದ ಡಂಪ್ ವಾಲ್ವುಗಳನ್ನು ಅದಲುಬದಲು ಮಾಡಿ ನೋಡಿ. ಕುಸಿತ ಎಡದಿಂದ ಬಲಕ್ಕೆ ಹೋದರೆ ವಾಲ್ವೇ ದೋಷಿ, ಎಡದಲ್ಲೇ ಉಳಿದರೆ ಚೆಕ್ ವಾಲ್ವ್ ನೋಡಬೇಕು. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಎಲ್ಲ ಊಹೆಗಿಂತ ದೊಡ್ಡದು. ವಾಲ್ವ್ ಬಿಚ್ಚಿದಾಗ ಒಳಗಿನ ಪೀಠದ ಮೇಲೆ ಪೈಪ್ ಕತ್ತರಿಸಿದಾಗ ಉಳಿದ ಲೋಹದ ಚೂರೋ, ಜಾಯಿಂಟಿಗೆ ಸುತ್ತಿದ ಟೆಫ್ಲಾನ್ ಟೇಪಿನ ಎಳೆಯೋ ಸಿಕ್ಕಿಕೊಂಡಿರುತ್ತದೆ. ಕೂದಲೆಳೆಯಷ್ಟು ಕಸ ಇಡೀ ಮೂಲೆಯನ್ನು ಇಳಿಸಬಲ್ಲದು. ಎಳೆ ಬಿಡುವ ಟೇಪಿನ ಬದಲು ಹೈಡ್ರಾಲಿಕ್ಕಿಗೆಂದೇ ಬರುವ ದ್ರವ ಸೀಲಂಟ್ ಹಚ್ಚುವುದು, ಹೋಸ್ ಕೂರಿಸುವ ಮುಂಚೆ ಒಳಗೆ ತೊಳೆಯುವುದು, ಇಷ್ಟರಲ್ಲೇ ಅರ್ಧ ಕಾಯಿಲೆ ತಪ್ಪುತ್ತದೆ.

ಆದರೆ ಎಷ್ಟು ಕುಸಿತ ಕುಸಿತವೆನಿಸುತ್ತದೆ? ಇದನ್ನು ಲೆಕ್ಕಹಾಕಿ ನೋಡುವವರು ಕಡಿಮೆ. 38 ಮಿಲಿಮೀಟರ್ ವ್ಯಾಸದ ಪಿಸ್ಟನ್ ಇದ್ದರೆ ಅದರ ವಿಸ್ತೀರ್ಣ ಸುಮಾರು 11.3 ಚದರ ಸೆಂಟಿಮೀಟರ್. ಅದು 20 ಸೆಂಟಿಮೀಟರ್ ಚಾಚಿ ನಿಂತಿದೆ, ಪಂಪಿನಿಂದ ಅದಕ್ಕೆ 3 ಮೀಟರ್ ಹೋಸ್ ಇದೆ ಅಂದುಕೊಂಡರೆ ಒಳಗೆ ಸಿಕ್ಕಿಕೊಂಡ ಎಣ್ಣೆ ಸುಮಾರು 440 ಘನ ಸೆಂಟಿಮೀಟರ್. ಖನಿಜ ಎಣ್ಣೆ ಒಂದು ಡಿಗ್ರಿ ತಣ್ಣಗಾದರೆ ಹತ್ತು ಸಾವಿರದಲ್ಲಿ ಏಳು ಭಾಗದಷ್ಟು ಕುಗ್ಗುತ್ತದೆ. ಸಂಜೆ ಬಿಸಿಯಾಗಿದ್ದ ಎಣ್ಣೆ ರಾತ್ರಿ 20 ಡಿಗ್ರಿ ತಣಿದರೆ 6 ಘನ ಸೆಂಟಿಮೀಟರ್ ಕಡಿಮೆ, ಅಂದರೆ ಸಿಲಿಂಡರ್ ಅರ್ಧ ಸೆಂಟಿಮೀಟರ್ ಇಳಿಯುತ್ತದೆ. ಸಿಲಿಂಡರ್ ಕೆಳತೋಳಿನ ನಡುಮಧ್ಯದಲ್ಲಿ ಕೂತಿದ್ದರೆ ಚಕ್ರದ ಹತ್ತಿರ ಅದು ಒಂದು ಸೆಂಟಿಮೀಟರ್ ಆಗುತ್ತದೆ. ಒತ್ತಡಕ್ಕೆ ಕುಗ್ಗದ ಎಣ್ಣೆ ಚಳಿಗೆ ಕುಗ್ಗುತ್ತದೆ! ಹಾಗಾಗಿ ನಾಲ್ಕೂ ಮೂಲೆ ಸಮನಾಗಿ ಒಂದು ಸೆಂಟಿಮೀಟರ್ ಇಳಿದಿದ್ದರೆ ಯಾವ ವಾಲ್ವನ್ನೂ ಬಿಚ್ಚಬೇಡಿ. ಒಂದೇ ಮೂಲೆ ಐದು ಸೆಂಟಿಮೀಟರ್ ಇಳಿದಿದ್ದರೆ ಮಾತ್ರ ಬಿಚ್ಚಿ. ನಿಲ್ಲಿಸುವಾಗಲೂ ಬೆಳಿಗ್ಗೆಯೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಬರೆದಿಡದೆ ಇದು ತಿಳಿಯದು.

ಪಂಪು ಕಿರುಗುಟ್ಟಿ ಗಾಡಿ ಎಳೆದೆಳೆದು ಏಳುತ್ತಿದ್ದರೆ ಗಾಳಿ ಸೇರಿದೆ. ಟ್ಯಾಂಕಿನ ಎಣ್ಣೆ ಹಾಲಿನಂತೆ ನೊರೆಯಾಗಿರುತ್ತದೆ. ಮಟ್ಟ ಕಡಿಮೆಯಿದ್ದು ಪಂಪಿನ ಬಾಯಿ ಗಾಳಿ ಹೀರಿದಾಗಲೋ, ಹೀರುವ ಜಾಗದ ಜರಡಿ ಕಟ್ಟಿದಾಗಲೋ ಹೀಗಾಗುತ್ತದೆ. ಮಟ್ಟ ನೋಡುವಾಗ ಗಾಡಿ ಪೂರ್ತಿ ಕೆಳಗಿರಬೇಕು. ಎತ್ತಿದ ಗಾಡಿಯಲ್ಲಿ ಎಣ್ಣೆ ಸಿಲಿಂಡರಿನಲ್ಲಿರುತ್ತದೆ. ಆಗ ಟ್ಯಾಂಕ್ ತುಂಬಿಸಿದರೆ ಗಾಡಿ ಇಳಿಯುವಾಗ ಎಣ್ಣೆಯೆಲ್ಲ ಉಕ್ಕಿ ಬ್ಯಾಟರಿಯ ಮೇಲೆ ಚೆಲ್ಲುತ್ತದೆ. ಐಎಸ್‌ಒ 32 ಅಥವಾ 46ರ ದರ್ಜೆಯ ಹೈಡ್ರಾಲಿಕ್ ಎಣ್ಣೆ ಈ ಕೆಲಸಕ್ಕೆ ಹೊಂದುತ್ತದೆ. ಚಳಿ ನಾಡಿನಲ್ಲಿ ತೆಳು, ಸೆಕೆಯಲ್ಲಿ ದಪ್ಪ.

ಒಂದು ಪಂಪಿನಿಂದ ಮುಂದಿನ ಎರಡೂ ಸಿಲಿಂಡರಿಗೆ ಎಣ್ಣೆ ಹೋಗುವ ಕಡೆ ಒಂದು ಬದಿ ಮೊದಲು ಎದ್ದು ಇನ್ನೊಂದು ತಡವಾಗಿ ಏಳುವುದನ್ನು ಎಲ್ಲರೂ ದೋಷವೆಂದು ದೂರುತ್ತಾರೆ. ಎಣ್ಣೆ ಯಾವಾಗಲೂ ಹಗುರವಾದ ಕಡೆಗೆ ಮೊದಲು ಹೋಗುತ್ತದೆ, ಅದು ಅದರ ಧರ್ಮ. ಎಸ್-10ರಲ್ಲಿ ಪೆಟ್ರೋಲ್ ಟ್ಯಾಂಕ್ ಡ್ರೈವರ್ ಬದಿಯ ಚಾಸಿಗೆ ಒತ್ತಿಕೊಂಡಿದೆ, ಡ್ರೈವರೂ ಅಲ್ಲೇ ಕೂರುತ್ತಾನೆ. ತಲಾ ಇಪ್ಪತ್ತು ಕಿಲೋ ತೂಗುವ ಬ್ಯಾಟರಿಗಳನ್ನೂ ಅದೇ ಬದಿಗೆ ಪೇರಿಸಿದರೆ ಮತ್ತೇನಾಗಬೇಕು? ಬ್ಯಾಟರಿಗಳನ್ನು ಎದುರು ಬದಿಗೆ ಸರಿಸುವುದು ಮೊದಲ ಮದ್ದು. ಅದಕ್ಕೂ ಬಗ್ಗದಿದ್ದರೆ ಬೇಗ ಏಳುವ ಬದಿಯ ಪೈಪಿಗೆ ಹರಿವು ತಗ್ಗಿಸುವ ವಾಲ್ವ್. ಇಳಿಯುವಾಗ ಧಡಕ್ಕನೆ ಬೀಳುವ ಗಾಡಿಗೂ ಅಂಥದೇ ವಾಲ್ವು ಡಂಪಿನ ದಾರಿಯಲ್ಲಿ ಬೇಕು. ಕಾಲು ತಿರುವು ತಿರುಗಿಸಿ, ಇಳಿಸಿ ನೋಡಿ, ಮತ್ತೆ ಕಾಲು ತಿರುವು. ನಿಧಾನವಾಗಿ ತಗ್ಗುವ ಟ್ರಕ್ಕು ನೋಡಲು ಚಂದ, ಚಾಸಿಗೂ ಹಿತ.

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಸವಾರಿಯಲ್ಲಿ. ಗಾಡಿ ಕಲ್ಲಿನಂತೆ ಗಡುಸು, ಪ್ರತಿ ಗುಂಡಿಗೂ ಬೆನ್ನಿಗೆ ಏಟು. ಮುಂದಿನ ಚಕ್ರಗಳನ್ನು ನೆಗೆಸುವ ಸ್ಪರ್ಧೆಯವರು ಟನ್ನಿನ ಲೆಕ್ಕದಲ್ಲಿ ಮಾರುವ ಬಲು ಗಡುಸಿನ ಸುರುಳಿ ಹಾಕುತ್ತಾರೆ. ಅವರ ಕೆಲಸಕ್ಕೆ ಅದೇ ಸರಿ. ದಿನವೂ ಓಡಿಸುವ ಟ್ರಕ್ಕಿಗೆ ಅದನ್ನೇ ತಂದು ಹಾಕಿದವರು ವರ್ಷದೊಳಗೆ ಗಾಡಿ ಮಾರಲು ಯೋಚಿಸುತ್ತಾರೆ. ಮೃದುವಾದ ಸುರುಳಿಗೆ ಟ್ರಕ್ಕಿನ ಸ್ಪ್ರಿಂಗ್ ಗುಂಡಿಯಲ್ಲಿ ಎಡೆಯಿಲ್ಲದಿದ್ದರೆ ಉಳಿಯುವ ದಾರಿ ಅಕ್ಯುಮುಲೇಟರ್. ದಪ್ಪ ಉಕ್ಕಿನ ಪಾತ್ರೆ, ಒಳಗೆ ರಬ್ಬರಿನ ಪರದೆ, ಪರದೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಎಣ್ಣೆ. ಚಕ್ರ ಗುಂಡಿಗೆ ಬಡಿದಾಗ ಸಿಲಿಂಡರಿನ ಎಣ್ಣೆ ಇದರೊಳಗೆ ನುಗ್ಗಿ ಗ್ಯಾಸನ್ನು ಒತ್ತುತ್ತದೆ. ಫ್ರಾನ್ಸಿನ ಪಾಲ್ ಮಾಜೆಸ್ ಎಂಬ ಎಂಜಿನಿಯರ್ ಇದೇ ತತ್ವದ ಮೇಲೆ ಸಿಟ್ರೊಯೆನ್ ಡಿಎಸ್ ಕಾರನ್ನು ತೇಲಿಸಿದ್ದ. 1955ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಮೊದಲು ತೋರಿಸಿದರು. ಎತ್ತಲು ಎಣ್ಣೆ, ಕುಗ್ಗಲು ಗ್ಯಾಸ್ ಎಂಬ ಹಂಚಿಕೆಯನ್ನು ಆತ ಎಷ್ಟು ಸ್ವಚ್ಛವಾಗಿ ಮಾಡಿದನೆಂದರೆ ಇವತ್ತಿನ ಟ್ರಕ್ಕು ಕಟ್ಟುವವರೂ ಆತನಿಂದ ಕಲಿಯಬೇಕು.

ಇಲ್ಲಿ ಎಡವುವುದು ಗ್ಯಾಸಿನ ಪ್ರಮಾಣದಲ್ಲಿ. ಒಂದು ಮೂಲೆಯ ಮೇಲೆ 400 ಕಿಲೋ ಭಾರವಿದೆ, ಸಿಲಿಂಡರ್ ತೋಳಿನ ನಡುವಿನಲ್ಲಿದೆ ಎಂದರೆ ಅದರ ಮೇಲೆ ಬೀಳುವುದು 800 ಕಿಲೋ. 11.3 ಚದರ ಸೆಂಟಿಮೀಟರಿಗೆ ಹಂಚಿದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 70 ಕಿಲೋ. ಈ 70ನ್ನು ಊಹಿಸಬೇಡಿ, ಪೈಪಿಗೆ ಒಂದು ಗೇಜ್ ಕೂರಿಸಿ ಓದಿ. ಗ್ಯಾಸನ್ನು ಮೊದಲೇ ತುಂಬುವ ಒತ್ತಡ ಇದರ ಶೇಕಡ 60ರಿಂದ 80ರ ನಡುವೆ ಇರಬೇಕೆಂಬುದು ಹೈಡ್ರಾಲಿಕ್ ಎಂಜಿನಿಯರುಗಳ ವಾಡಿಕೆ. ಅರ್ಧ ಲೀಟರಿನ ಪಾತ್ರೆಗೆ 45 ತುಂಬಿದ್ದೇವೆ ಎನ್ನಿ. ಚಕ್ರ 5 ಸೆಂಟಿಮೀಟರ್ ಮೇಲೆದ್ದಾಗ ಒತ್ತಡ ಹತ್ತು ಕಿಲೋದಷ್ಟು ಏರುತ್ತದೆ, ಬೆನ್ನಿಗೆ ಅದು ಗೊತ್ತೇ ಆಗದು. ಅದೇ ಪಾತ್ರೆಗೆ ಬರೀ 20 ತುಂಬಿದ್ದರೆ ಗಾಡಿಯ ಭಾರಕ್ಕೇ ಗ್ಯಾಸೆಲ್ಲ ಒಂದು ಮೂಲೆಗೆ ಸೇರಿಬಿಟ್ಟಿರುತ್ತದೆ. ಆಗ ಅದೇ ಗುಂಡಿಗೆ ಒತ್ತಡ ಇಪ್ಪತ್ತೈದು ಕಿಲೋದಷ್ಟು ಜಿಗಿಯುತ್ತದೆ. ಮೃದುವಾಗಲಿ ಎಂದು ಗ್ಯಾಸ್ ಬಿಟ್ಟವರಿಗೆ ಗಾಡಿ ಇನ್ನೂ ಗಡುಸಾಗುವುದು ಈ ಕಾರಣಕ್ಕೆ. 80 ತುಂಬಿದರೆ ಇನ್ನೊಂದು ವಿಪರೀತ. ಎಣ್ಣೆಯ 70ಕ್ಕೆ ಪರದೆ ಕದಲುವುದೇ ಇಲ್ಲ, ದುಡ್ಡು ಕೊಟ್ಟು ಕೂರಿಸಿದ ಪಾತ್ರೆ ಸುಮ್ಮನೆ ತೂಗಿಕೊಂಡಿರುತ್ತದೆ. ತುಂಬುವಾಗ ಎಣ್ಣೆಯ ಕಡೆ ಒತ್ತಡ ಸೊನ್ನೆಯಿರಬೇಕು, ಅಂದರೆ ಗಾಡಿ ಜಾಕ್ ಸ್ಟ್ಯಾಂಡಿನ ಮೇಲೆ ಕೂತು ಡಂಪ್ ತೆರೆದಿರಬೇಕು. ತುಂಬುವುದು ಒಣ ನೈಟ್ರೋಜನ್ ಮಾತ್ರ. ಆಮ್ಲಜನಕವೋ ಕಂಪ್ರೆಸರ್ ಗಾಳಿಯೋ ಎಣ್ಣೆಯೊಂದಿಗೆ ಸೇರಿ ಒತ್ತಡದಲ್ಲಿ ಉರಿದು ಸಿಡಿಯಬಲ್ಲದು. ತುಂಬುವವರಿಗೆ ತರಬೇತಿ ಇರಲೇಬೇಕು.

ಮೃದುವಾದ ಮೇಲೆ ಹೊಸ ದೂರು ಬರುತ್ತದೆ, ಗಾಡಿ ನಿಲ್ಲದೆ ತೂಗಾಡುತ್ತದೆ ಎಂದು. ಗ್ಯಾಸು ತಾನು ಪಡೆದ ಶಕ್ತಿಯನ್ನು ಪೂರ್ತಿ ಹಿಂದಿರುಗಿಸುತ್ತದೆ. ಆ ಶಕ್ತಿಯನ್ನು ಎಲ್ಲಾದರೂ ಶಾಖವಾಗಿ ಕರಗಿಸಬೇಕು. ಸಿಲಿಂಡರಿಗೆ ಜಾಗ ಮಾಡಲು ಶಾಕ್ ಅಬ್ಸಾರ್ಬರ್ ಕಿತ್ತೆಸೆಯುವ ಪದ್ಧತಿ ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ತೋಳಿನ ಇನ್ನೊಂದು ಜಾಗಕ್ಕೆ ಬ್ರ್ಯಾಕೆಟ್ ಬೆಸೆದಾದರೂ ಶಾಕ್ ಉಳಿಸಿಕೊಳ್ಳಬೇಕು. ಸಾಧ್ಯವೇ ಇಲ್ಲವೆಂದಾದರೆ ಸಿಲಿಂಡರ್ ಮತ್ತು ಅಕ್ಯುಮುಲೇಟರ್ ನಡುವೆ ಸಣ್ಣ ರಂಧ್ರದ ತಡೆ ಇಟ್ಟು, ಎಣ್ಣೆ ಹಿಂಡಿಕೊಂಡು ಹಾಯುವಂತೆ ಮಾಡುತ್ತಾರೆ. ಸಿಟ್ರೊಯೆನ್ ಮಾಡಿದ್ದೂ ಅದನ್ನೇ, ಅಲ್ಲಿ ರಂಧ್ರದ ಜೊತೆಗೆ ತೆಳು ಉಕ್ಕಿನ ಬಿಲ್ಲೆಗಳಿದ್ದವು. ರಂಧ್ರ ತೀರಾ ಕಿರಿದಾದರೆ ಗಡುಸುತನ ಹಿಂದಿರುಗುತ್ತದೆ. ದೊಡ್ಡದರಿಂದ ಶುರುಮಾಡಿ ಸಣ್ಣದಕ್ಕೆ ಬರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ನಡುವೆ ಅದೇ ರಸ್ತೆಯಲ್ಲಿ ಒಂದು ಸುತ್ತು. ಗ್ಯಾಸೂ ರಂಧ್ರವೂ ಸ್ಪ್ರಿಂಗೂ ಒಟ್ಟಿಗೆ ಬದಲಾದರೆ ಯಾವುದು ಏನು ಮಾಡಿತೆಂದು ಯಾರೂ ಹೇಳಲಾರರು.

ಉಕ್ಕಿನ ಕಡೆಗೆ ಬಂದರೆ, ಹಿಂದಿನ ಆಕ್ಸಲ್ ಮೇಲೇರಲು ಎಡೆ ಬೇಕೆಂದು ಚಾಸಿಯ ಕೆಳಭಾಗದಲ್ಲಿ ಅರ್ಧಚಂದ್ರದಂತೆ ಕತ್ತರಿಸುತ್ತಾರೆ. ಸಿ-ನಾಚ್ ಎನ್ನುವುದು ಇದನ್ನೇ. ಕತ್ತರಿಸಿದಷ್ಟು ಉಕ್ಕನ್ನು ಸುತ್ತ ದಪ್ಪ ಪಟ್ಟಿ ಬೆಸೆದು ಹಿಂದಿರುಗಿಸದಿದ್ದರೆ ಚಾಸಿ ಅಲ್ಲಿಯೇ ಬಾಗುತ್ತದೆ. ಬಣ್ಣದ ಮೇಲೆ ಕೂದಲಿನಂಥ ಗೆರೆ, ಅದರಿಂದ ಇಳಿದ ತುಕ್ಕಿನ ಕಲೆ, ಕ್ಯಾಬಿನ್ನಿಗೂ ಹಿಂದಿನ ಡಬ್ಬಕ್ಕೂ ನಡುವಿನ ಸಂದು ಮೇಲೆ ಅಗಲ ಕೆಳಗೆ ಕಿರಿದಾಗುವುದು, ಇವೆಲ್ಲ ಬಿರುಕಿನ ಸುಳಿವು. ಎತ್ತಿ ಇಳಿಸುವಾಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ. ಎರಡು ತುದಿಯ ಕ್ರಾಸ್ ಜಾಯಿಂಟುಗಳ ಕೋನ ಸಮನಾಗಿಲ್ಲದಿದ್ದರೆ ವೇಗ ಹೆಚ್ಚಿದಂತೆ ನಡುಕ ಶುರುವಾಗುತ್ತದೆ. ಇದನ್ನು ಟೈರಿನ ತಪ್ಪೆಂದು ಬಗೆದು ಮತ್ತೆ ಮತ್ತೆ ಬ್ಯಾಲೆನ್ಸ್ ಮಾಡಿಸುವವರಿದ್ದಾರೆ. ಮುಂದಿನ ಚಕ್ರಗಳು ಎತ್ತರಕ್ಕೊಂದು ಕೋನದಲ್ಲಿ ವಾಲುವುದರಿಂದ, ಓಡಿಸುವ ಎತ್ತರ ಯಾವುದೆಂದು ಮೊದಲು ನಿಶ್ಚಯಿಸಿ, ಗಾಡಿಯನ್ನು ಅದೇ ಎತ್ತರದಲ್ಲಿ ನಿಲ್ಲಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ತಗ್ಗಿಸಿ ನಿಲ್ಲಿಸಿದ ಭಂಗಿಯಲ್ಲಿ ಅಲೈನ್‌ಮೆಂಟ್ ಮಾಡಿಸಿ ಎತ್ತರದಲ್ಲಿ ಓಡಿಸಿದರೆ ಟೈರು ಒಂದೇ ಅಂಚಿನಲ್ಲಿ ಸವೆದುಹೋಗುತ್ತದೆ. ಅದೇ ಎತ್ತರಕ್ಕೆ ಹೆಡ್‌ಲೈಟನ್ನೂ ಕೂರಿಸಿ.

ಕೆಲಸ ಮಾಡುವವರ ಜೀವದ ಬಗ್ಗೆ ಎರಡು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆಯ ಬಲದ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತೂರಬೇಡಿ, ಜಾಕ್ ಸ್ಟ್ಯಾಂಡ್ ಇಲ್ಲದೆ ಕೈಯನ್ನೂ ಒಳಗೆ ಇಡಬೇಡಿ. ಸೋರಿಕೆ ಎಲ್ಲಿದೆಯೆಂದು ಬೆರಳಿನಿಂದ ತಡಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳನುಗ್ಗುತ್ತದೆ. ಗಾಯ ಚುಕ್ಕಿಯಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರದು. ಶಸ್ತ್ರಚಿಕಿತ್ಸೆ ತಡವಾದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ಒಂದು ರಟ್ಟಿನ ತುಂಡನ್ನು ಹೋಸಿನ ಮೇಲೆ ಆಡಿಸಿದರೆ ಕಲೆ ಬಿದ್ದ ಕಡೆ ಸೋರಿಕೆ ಸಿಗುತ್ತದೆ.

ಕೊನೆಯದಾಗಿ ಬ್ರೇಕು, ಟ್ರಕ್ಕು ಕಟ್ಟುವವರಲ್ಲಿ ಬಹಳ ಮಂದಿ ಮರೆಯುವ ಭಾಗ. ಟೊಯೊಟಾದ ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಯ ಮೇಲಿನ ಒಂದು ವಾಲ್ವಿಗೆ ಕಡ್ಡಿ ಹೋಗುತ್ತದೆ. ಡಬ್ಬಕ್ಕೆ ಸಾಮಾನು ಹೇರಿದಾಗ ಗಾಡಿ ಕೂತು ಆ ಕಡ್ಡಿ ಒತ್ತುತ್ತದೆ, ವಾಲ್ವು ಹಿಂದಿನ ಬ್ರೇಕಿಗೆ ಹೆಚ್ಚು ಬಲ ಕಳುಹಿಸುತ್ತದೆ. ಗಾಡಿಯನ್ನು ನಾವೇ ತಗ್ಗಿಸಿದರೆ ವಾಲ್ವಿಗೆ ಅದು ತಿಳಿಯುವುದೆಂತು? ಭಾರ ಹೇರಿದ್ದಾರೆಂದೇ ಅದು ತಿಳಿದು ಖಾಲಿ ಟ್ರಕ್ಕಿನ ಹಿಂದಿನ ಚಕ್ರಕ್ಕೆ ಪೂರ್ತಿ ಬಲ ಕೊಡುತ್ತದೆ. ಚಕ್ರ ಬಿಗಿದು ಹಿಂಬದಿ ಅಡ್ಡ ತಿರುಗುತ್ತದೆ, ಮಳೆಯಲ್ಲಂತೂ ಕ್ಷಣ ಸಾಕು. ಎತ್ತರ ನಿಶ್ಚಯವಾದ ದಿನವೇ ಕಡ್ಡಿಯ ಉದ್ದವನ್ನು ಆ ಎತ್ತರಕ್ಕೆ ಹೊಂದಿಸಬೇಕು, ರಬ್ಬರಿನ ಬ್ರೇಕ್ ಹೋಸು ಗಾಡಿ ಪೂರ್ತಿ ಎದ್ದಾಗ ಬಿಗಿಯಾಗಿ ಎಳೆದುಕೊಳ್ಳುತ್ತದೆಯೇ ನೋಡಬೇಕು. ಆಮೇಲೆ ಜನವಿಲ್ಲದ ಬಯಲಿನಲ್ಲಿ, ಖಾಲಿ ಡಬ್ಬದಲ್ಲಿ, ಕಡಿಮೆ ವೇಗದಲ್ಲಿ ಬ್ರೇಕ್ ಒತ್ತಿ ನೋಡಿ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಬಿಗಿದರೆ, ಕಡ್ಡಿ ಸರಿಯಾಗುವವರೆಗೆ ಆ ಟ್ರಕ್ಕು ರಸ್ತೆಗೆ ಇಳಿಯಬಾರದು.